ಬೆಡಗು ಕೇಳದ ಸಂಬಂಧ

ಕೊಟ್ಟೂರಿನ ನನ್ನ ಸೋದರತ್ತೆ ಸಂಬಂಧ ಕೂಡಿಸುವುದರಲ್ಲಿ ಎತ್ತಿದ ಕೈ. ಬಂದವರು ಕೂತು ನೀರು ಕುಡಿಯುವ ಮೊದಲೇ ಆಕೆಯ ಪ್ರಶ್ನೆ: "ನಿಮ್ಮ ಬೆಡಗು ಯಾವುದ್ರಿ?" ಬೆಡಗು ಎಂದರೆ ಗೋತ್ರದ ಹಾಗೆ; ಅದು ಒಂದೇ ಆದರೆ ನಮ್ಮಲ್ಲಿ ಅಣ್ಣ ತಂಗಿ, ಮದುವೆಯ ಮಾತು ಅಲ್ಲಿಗೇ ಮುಗಿಯಿತು. ಆಕೆಗೆ ಮರೆವು ಹೆಚ್ಚಾದಾಗ, ಕೂಡ್ಲಿಗಿಯಲ್ಲಿ ಕಂಪ್ಯೂಟರ್ ಕಲಿಸುವ ನಾನು ಒಂದು ಪ್ರೋಗ್ರಾಂ ಬರೆದುಕೊಟ್ಟೆ. ಇಬ್ಬರ ವಿವರ ಹಾಕಿದರೆ ಬೆಡಗು ಹೋಲಿಸಿ, ಆಗುತ್ತದೋ ಇಲ್ಲವೋ ಹೇಳಬೇಕು. ಬೇರೆ ಬೇರೆ ಬೆಡಗಿನವರನ್ನೇ ಹಾಕಿ ನೋಡಿ, ಸರಿಯಿದೆ ಎಂದು ಬೀಗಿದ್ದೆ.

ಅತ್ತೆ ಅದರಲ್ಲಿ ಮೊದಲು ಕೂಡಿಸಿದ್ದೇ ನನ್ನನ್ನು. ಹರಪನಹಳ್ಳಿಯ ಗಂಡು, ಬೋರ್‌ವೆಲ್ ಮೋಟಾರ್ ರಿಪೇರಿ ಅಂಗಡಿ. ಅವರು ಬರೆದು ಕಳಿಸಿದ ವಿವರವನ್ನು ಅತ್ತೆ ಇದ್ದ ಹಾಗೇ ಅದಕ್ಕೆ ಹಾಕಿದ್ದಳು. "ಬೆಡಗು ಕೇಳಿದ್ಯಾ?" ಎಂದರು ಅಪ್ಪ. "ಕಂಪ್ಯೂಟರ್ ಹೂಂ ಅಂದೈತಿ, ನಾನ್ಯಾಕ ಬಾಯಿ ನೋಯಿಸಿಕೊಳ್ಳಲಿ?" ಎಂದಳು ಅತ್ತೆ. ಬರೆದವಳು ನಾನೇ ಆದ್ದರಿಂದ ನಾನೂ ಕೇಳಲಿಲ್ಲ.

ಹೆಣ್ಣು ನೋಡಲು ಬಂದವನು ಒಗ್ಗರಣೆ ಮಂಡಕ್ಕಿಯ ಮೆಣಸಿನಕಾಯಿ ಕಡಿದು, ಕಣ್ಣಲ್ಲಿ ನೀರು ತುಂಬಿಕೊಂಡು, "ಚೆನ್ನಾಗೈತ್ರಿ" ಎಂದ. ಮೂಗಿನ ತುದಿಯಲ್ಲೇ ಕೋಪ ಇರುವ ನನಗೆ ನಗು ತಡೆಯಲಾಗಲಿಲ್ಲ. ಆಮೇಲೆ ದಿನವೂ ಫೋನು. ಅವನು ನನಗೆ ತುಂಬಾ ಹಿಡಿಸಿದ್ದ.

ವೀಳ್ಯ ಬದಲಿಸುವ ದಿನ ಅವರ ಕಡೆಯ ಹಿರಿಯರೊಬ್ಬರು ಸುಮ್ಮನೆ ಬೆಡಗು ಕೇಳಿದರು. ಅಪ್ಪ ಹೇಳಿದರು. ಅವರದೂ ಅದೇ. ಹಿರಿಯರು ಹಿಡಿದಿದ್ದ ಎಲೆಯನ್ನು ಮೆಲ್ಲಗೆ ತಟ್ಟೆಗೆ ಇಟ್ಟುಬಿಟ್ಟರು. ಯಾರೂ ಯಾರನ್ನೂ ಬೈಯಲಿಲ್ಲ. ಊಟ ಮಾಡಿಕೊಂಡೇ ಹೋದರು.

ಮರುದಿನ ಪ್ರೋಗ್ರಾಂ ತೆರೆದೆ. ಹೋಲಿಸುವ ಕಡೆ, ಒಬ್ಬರದು ಬೆಡಗಿನ ಬರೀ ಹೆಸರು. ಇನ್ನೊಬ್ಬರದು ಹೆಸರು, ಮನೆದೇವರು, ಮೂಲ ಊರು ಎಲ್ಲ ಸೇರಿದ ಇಡೀ ಗಂಟು. ಉಪ್ಪೂ ಉಪ್ಪಿನ ಡಬ್ಬಿಯೂ ಒಂದೇನಾ ಎಂದು ಕೇಳಿದ ಹಾಗೆ. ಅಲ್ಲ ಎಂದಿತ್ತು ಅದು, ಯಾರನ್ನು ಹಾಕಿದರೂ ಬೆಡಗು ಒಂದೇ ಅಲ್ಲ, ಮದುವೆ ಆಗುತ್ತದೆ ಎನ್ನುತ್ತಿತ್ತು. ಬೇರೆ ಬೇರೆ ಬಗೆಯವನ್ನು ಹೋಲಿಸಲು ಹೋದರೆ, ಪ್ರೋಗ್ರಾಂ ಬರೆಯುವಾಗಲೇ ಕೆಂಪು ಗೆರೆ ಎಳೆದು ತಡೆಯುವ ವಿಧಾನವೂ ಇತ್ತು. ಅಷ್ಟೆಲ್ಲ ಯಾಕೆ ಎಂದು ಬಿಟ್ಟಿದ್ದೆ. ಈಗ ಅದನ್ನೇ ಹಾಕಿದೆ. ಗೆರೆ ಬಿತ್ತು, ತಿದ್ದಿದೆ, ನಮ್ಮಿಬ್ಬರ ವಿವರ ಮತ್ತೆ ಕೊಟ್ಟೆ. 'ಒಂದೇ ಬೆಡಗು, ಆಗದು' ಎಂದಿತು. ಪ್ರೋಗ್ರಾಂ ಸರಿಯಾದದ್ದಕ್ಕೆ ಅತ್ತದ್ದು ಅದೊಂದೇ ಸಲ.

ಸಂಜೆ ಅವನೇ ಫೋನ್ ಮಾಡಿದ. "ಏನಾಗಿತ್ತಂತ್ರಿ ಅದಕ್ಕೆ?"

ಹೇಳಿದೆ. ಮೋಟಾರ್ ಬಿಚ್ಚಿ ಗೊತ್ತಿದ್ದವನು, ತಾಳ್ಮೆಯಿಂದ ಕೇಳಿದ.

"ಸರಿ ಮಾಡಿದ್ರಾ?"

"ಮಾಡ್ದೆ."

"ನಮ್ಮಿಬ್ಬರದು ಇನ್ನೊಮ್ಮೆ ಹಾಕಿ ನೋಡಿದ್ರಾ?"

"ಇಲ್ಲ," ಎಂದೆ.

"ಹಾಕಬ್ಯಾಡ್ರಿ," ಎಂದ.