ಪೂವಪ್ಪನ ಪಟ್ಟಿಯ ಎಂಟನೆಯ ಮನೆ

ಮುಂಬಯಿಯ ಚೆಂಬೂರಿನ ನಮ್ಮ ಕಟ್ಟಡದಲ್ಲಿ ಎಂಟು ಮನೆಗಳಿವೆ. ನಾನು ಅದರ ಸೆಕ್ರೆಟರಿ, ಅಂದರೆ ಸಂಬಳವಿಲ್ಲದೆ ಬೈಸಿಕೊಳ್ಳುವ ನೌಕರಿ. ನಾಲ್ಕನೆಯ ಮಹಡಿಯ ಪೂವಪ್ಪ ವಿಜಯಪುರದ ಕಡೆಯವನು, ಲೈಸೆನ್ಸ್ ಇರುವ ವೈರ್‌ಮನ್. ಇಪ್ಪತ್ತೆಂಟು ವರ್ಷಗಳಲ್ಲಿ ಅವನ ಕೆಲಸವನ್ನು ಯಾವ ಇನ್‌ಸ್ಪೆಕ್ಟರೂ ಫೇಲ್ ಮಾಡಿಲ್ಲ. ಇದನ್ನು ಅವನೇ ವಾರಕ್ಕೊಮ್ಮೆ ನಮಗೆ ನೆನಪಿಸುತ್ತಾನೆ.

ಈ ಮೇ ತಿಂಗಳಲ್ಲಿ ನಮಗೊಂದು ನೋಟಿಸು ಬಂತು. ಮೀಟರ್ ರೂಮಿನಿಂದ ಮನೆಮನೆಗೆ ಏರುವ ಹಳೆಯ ಕೇಬಲ್‌ಗಳನ್ನು ಬದಲಿಸಿ ಪಾಸು ಮಾಡಿಸಬೇಕು, ಒಂದು ಮನೆ ಫೇಲಾದರೂ ಇಡೀ ಕಟ್ಟಡದ ಕರೆಂಟು ಕಡಿತ. ಕೆಲಸವನ್ನು ಪೂವಪ್ಪನಿಗೇ ಕೊಟ್ಟೆವು.

ಮನೆಯಲ್ಲಿ ಏನೇನು ಓಡುತ್ತದೆಯೋ ಅದರ ಮೇಲೆ ಕೇಬಲ್ ಎಷ್ಟು ದಪ್ಪ ಎಂಬುದು ನಿಲ್ಲುತ್ತದೆ. ಅದಕ್ಕೆ ಪೂವಪ್ಪ ಪ್ರತಿ ಮನೆಗೂ ಹೋಗಿ, ಕುಳಿತು, ಚಹಾ ಕುಡಿದು, ಕೇಳಿ ಪಟ್ಟಿಯಲ್ಲಿ ಬರೆದುಕೊಂಡ. ನಾವೋ, ಲೋಡು ಕಡಿಮೆ ಬರೆಸಿದರೆ ಬಿಲ್ಲೂ ಕಡಿಮೆಯಾಗುತ್ತದೆಂದು ನಂಬಿದ ಜಾಣರು. ನಾನು ಒಂದೇ ಏಸಿ ಅಂದೆ. ಅವನು ಕಿಟಕಿಯಿಂದ ತಲೆ ಹೊರಗೆ ಹಾಕಿ ಗೋಡೆಯ ಮೇಲಿದ್ದ ಎರಡನೆಯದನ್ನು ಎಣಿಸಿದ.

"ಸಾಹೇಬ್ರ, ಬಾಯಿ ಒಂದ ಹೇಳತೈತಿ, ಗ್ವಾಡಿ ಒಂದ ಹೇಳತೈತಿ. ಸುಳ್ಳ ಹೇಳಾವ್ರು ನೀವು, ಸುಡೂದು ಕೇಬಲ್."

ಹೊಸ ಕೇಬಲ್‌ಗಳನ್ನೆಲ್ಲ ಎಳೆದಾದ ಮೇಲೆ, ತಪಾಸಣೆಯ ಹಿಂದಿನ ದಿನ ಮಧ್ಯಾಹ್ನ ಎಲ್ಲರ ಮನೆಯಲ್ಲೂ ಇದ್ದಬದ್ದದ್ದನ್ನೆಲ್ಲ ಹಚ್ಚಿಸಿದ. ಒಂದು ತಾಸು ಬಿಟ್ಟು ಮೀಟರ್ ರೂಮಿಗಿಳಿದು, ಮಗುವಿನ ಜ್ವರ ನೋಡುವ ಹಾಗೆ ಒಂದೊಂದು ಕೇಬಲ್ಲಿನ ಮೇಲೂ ಅಂಗೈ ಇಟ್ಟ. ಅಳೆಯುವ ಮೀಟರು ಜೇಬಿನಲ್ಲೇ ಇತ್ತು, ಆದರೆ ಅವನಿಗೆ ಮೊದಲು ಕೈ, ಆಮೇಲೆ ಮೀಟರು. ಏಳು ಕೇಬಲ್ ತಣ್ಣಗಿದ್ದವು. ಎಂಟನೆಯದು ಬೆಚ್ಚಗಿತ್ತು, ಅದು ಅವನದೇ ಮನೆಯದು.

ನಾಲ್ಕು ಮಹಡಿ ಹತ್ತಿದೆವು. ಅಡುಗೆಮನೆಯಲ್ಲಿ ಅವನ ಹೆಂಡತಿ ದಾನವ್ವನ ಕರೆಂಟಿನ ಪುಟ್ಟ ಹಿಟ್ಟಿನ ಗಿರಣಿ ಜೋಳ ಬೀಸುತ್ತಿತ್ತು, ಎರಡು ಕರೆಂಟ್ ಒಲೆಗಳ ಮೇಲೆ ರೊಟ್ಟಿ ಬೇಯುತ್ತಿದ್ದವು. ಧಾರಾವಿಯವರೆಗಿನ ನಮ್ಮ ಕನ್ನಡದ ಮಂದಿ ಕೊಂಡು ಉಣ್ಣುವುದು ಅವಳ ರೊಟ್ಟಿಯನ್ನೇ. ಪೂವಪ್ಪ ಆ ಗಿರಣಿಯನ್ನು ನೋಡಿರಲಿಲ್ಲವೆಂದಲ್ಲ, ದಿನಾ ತನ್ನ ಹೆಲ್ಮೆಟ್ ಇಡುತ್ತಿದ್ದುದೇ ಅದರ ಮೇಲೆ. ದೀಪದ ಬುಡದಲ್ಲಿ ಕತ್ತಲೆ ಅನ್ನುವುದು ಸುಳ್ಳಲ್ಲ.

"ಇದನ್ನ ಯಾಕ ಹೇಳಲಿಲ್ಲ?" ಎಂದ.

ದಾನವ್ವ ರೊಟ್ಟಿ ತಿರುವುತ್ತಲೇ ಅಂದಳು, "ಏಳು ಮನ್ಯಾಗ ಕುಂತು ಚಾ ಕುಡದು ಕೇಳಿದ್ರಿ. ಇಲ್ಲಿ ಯಾವಾಗ ಕೇಳಿದ್ರಿ?"

ಕಟ್ಟಡದ ಕರೆಂಟಿನ ಚಿಂತೆ ನನಗೆ. ನಾಳೆ ಒಂದು ತಾಸು ಗಿರಣಿಯ ಮೇಲೆ ಬಟ್ಟೆ ಹೊದಿಸಿದರಾಯಿತು, ಯಾರು ನೋಡುತ್ತಾರೆ ಅಂದೆ. ಅಂದ ಮೇಲೆ ನನಗೇ ನಾಚಿಕೆಯಾಯಿತು.

"ನಿಮ್ಮ ಗ್ವಾಡಿ ನೋಡಿದಂವ ನಾನು. ನನ್ನ ಗ್ವಾಡಿಗೆ ಅರಬಿ ಹೊಚ್ಚಲೇನ್ರಿ?" ಎಂದ ಪೂವಪ್ಪ, ಮಣೆ ಎಳೆದುಕೊಂಡು ಕುಳಿತ. ಪಟ್ಟಿ ತೆಗೆದ. "ಚಾ ಕೊಡು. ಈಗ ಹೇಳು."

ದಾನವ್ವ ಹೇಳುತ್ತ ಹೋದಳು. ಗಿರಣಿ ಎಷ್ಟು ಹೊತ್ತು, ಒಲೆ ಎಷ್ಟು ಹೊತ್ತು, ಹಬ್ಬದ ಮುಂದೆ ಮೂರನೆಯ ಒಲೆಯೂ ಬೇಕು. ದಿನಕ್ಕೆ ಎಷ್ಟು ರೊಟ್ಟಿ ಎಂದು ಕೇಳಿದ. ಇನ್ನೂರು ಅಂದಳು. ಪೂವಪ್ಪ ಅದನ್ನೂ ಬರೆದುಕೊಂಡ.

ಸಂಜೆಯೊಳಗೆ ತನ್ನ ಕೇಬಲ್ ಕಿತ್ತು, ಬೆಳಿಗ್ಗೆ ಹತ್ತರೊಳಗೆ ದಪ್ಪನೆಯದನ್ನು ಎಳೆದ. ಹನ್ನೊಂದಕ್ಕೆ ಇನ್‌ಸ್ಪೆಕ್ಟರ್ ರೂಪಾಲಿ ಮೇಡಮ್ ಬಂದು, ಪಟ್ಟಿ ಹಿಡಿದು ಮನೆಮನೆ ನೋಡಿದರು. ಯಜಮಾನರ ಹೆಸರಿನ ಜಾಗದಲ್ಲಿ ಏಳು ಮನೆಗೂ ಗಂಡಸರ ಹೆಸರು. ಎಂಟನೆಯದರಲ್ಲಿ ಪೂವಪ್ಪ ತನ್ನ ಹೆಸರು ಹೊಡೆದುಹಾಕಿ ಬೇರೆ ಹೆಸರು ಬರೆದಿದ್ದ.

"ಯೇ ದಾನವ್ವ ಕೌನ್ ಹೈ?" ಯಾರಿವರು ಎಂದು ಕೇಳಿದರು ಮೇಡಮ್.

"ಮಾಲಕಿನ್ ಹೈ, ಮೇಡಮ್," ಮನೆಯ ಒಡತಿ ಎಂದ ಪೂವಪ್ಪ.

ಎಂಟಕ್ಕೂ ಸಹಿ ಬಿತ್ತು. ದಾನವ್ವ ಪಟ್ಟಿಯನ್ನು ಇಸಿದುಕೊಂಡು ತನ್ನ ಹೆಸರನ್ನು ಎರಡು ಸಲ ಓದಿದಳು. ಆಮೇಲೆ ಒಳಗೆ ಹೋಗಿ, ಗಂಡ ಕೇಳುವ ಮೊದಲೇ ಚಹಾ ತಂದುಕೊಟ್ಟಳು.