ಸಪ್ಪಳಕ್ಕ ಪಳಗಿದ ಕೂಸು

ಶಹಾಬಾದಿನ ನಮ್ಮ ಚರ್ಚಿನ್ಯಾಗ ಸಣ್ಣ ಮಕ್ಕಳಿಗಿ ಕ್ರಿಸ್‌ಮಸ್ ಕಾಣಿಕಿ ಆರಿಸೋ ಕೆಲಸ ಭಾಳ ವರ್ಷ ನಂದೇ ಇತ್ತು. ನಾ ಬಾಜೂಕಿನ ವಾಡಿ ಊರಾಗ ಪ್ರೈಮರಿ ಸಾಲಿ ಟೀಚರು. ಅಲ್ಲೇ ಒಂದು ಖೋಲಿ ಹಿಡಿದು ಇರ್ತೀನಿ, ಶನಿವಾರ ಸಂಜಿಗಿ ಶಹಾಬಾದಿಗಿ ಅವ್ವನ ಮನಿಗಿ ಬರ್ತೀನಿ, ಐತವಾರ ಸಂಡೇ ಸ್ಕೂಲ್ ನಡೆಸ್ತೀನಿ. ಗಂಡ ಮಕ್ಕಳು ಇಲ್ಲದಾಕಿಗಿ ಬಿಡುವು ಭಾಳ ಇರ್ತದ ಅಂತ ಮಂದಿ ತಿಳಕೊಂಡಿರ್ತಾರಲ್ಲ, ಹಿಂಗಾಗಿ ಪುಗಸಟ್ಟೆ ಕೆಲಸ ಎಲ್ಲಾ ಸೀದಾ ನನ್ನ ತಲಿ ಮ್ಯಾಲೇ ಬರ್ತಿದ್ದವು. ಮೊದಲ ಈ ಕೆಲಸ ಸಸಾರ ಇತ್ತು. ಒಂದು ವರ್ಷ ಚೆಂಡು, ಒಂದು ವರ್ಷ ಬಣ್ಣದ ಪೆನ್ಸಿಲ್ಲು, ಇನ್ನೊಂದು ವರ್ಷ ಸ್ಟೀಲಿನ ಡಬ್ಬಿ. ಕೊಟ್ಟದ್ದು ತಗೊಂಡು ಮಕ್ಕಳು ಕುಣೀತಿದ್ದವು.

ಈಗಿನ ತಾಯಂದಿರಿಗಿ ಅದೆಲ್ಲಾ ಸಾಲಂಗಿಲ್ಲ. ಮೊಬೈಲಿನ್ಯಾಗ ಚಿತ್ರದ ಮ್ಯಾಲ ಚಿತ್ರ ಕಳಸ್ತಾರ. ಟೀಚರ್ರೇ, ಎಜುಕೇಶನಲ್ ಸಾಮಾನು ತರ್ರಿ, ಬಟನ್ ಒತ್ತಿದ್ರ ಎ ಫಾರ್ ಆ್ಯಪಲ್ ಅನ್ನಬೇಕು, ಲೈಟ್ ಹತ್ತಬೇಕು, ಲೆಕ್ಕ ಹೇಳಬೇಕು. ಇನ್ನೂ ಚಡ್ಡಿ ಏರಿಸ್ಕೊಳ್ಳಾಕ ಬರದ ಕೂಸು ಇಂಗ್ಲಿಷಿನ್ಯಾಗ ಎಣಸಬೇಕು ಇವರಿಗಿ. ನನಗ ಮನಸ್ಸಿದ್ದದ್ದು ಕಟ್ಟಿಗಿ ತುಂಡು ಜೋಡಸೋ ಆಟದ ಮ್ಯಾಲ. ಮನಿ ಕಟ್ಟಬಹುದು, ಕೆಡವಬಹುದು, ಕೆಲಸ ಕೂಸಿನ ಕೈಯಾಗ ಇರ್ತದ. ನಾ ಹಂಗ ಅಂದದ್ದಕ್ಕ, ಅದೇನ್ರಿ ಟೀಚರ್ರೇ, ಬಡಿಗ್ಯಾರ ಅಂಗಡಿ ಚೂರು ತಂದಂಗ ಕಾಣ್ತದ ಅಂದು ನಕ್ಕರು.

ನಕ್ಕರ ನಗಲಿ ಅಂತ ಬಜಾರಕ್ಕ ಹೋದೆ. ಅಂಗಡಿ ಸಾಹುಕಾರ್ರು ಹಣಿ ತುಂಬ ವಿಭೂತಿ ಹಚ್ಚಿಕೊಂಡು, ಕೆಂಪು ಕ್ರಿಸ್‌ಮಸ್ ಟೋಪಿಗಳ ನಡುವ ಕುಂತಿದ್ರು. ಬರ್ರಿ ಬರ್ರಿ ಅಂತ ಒಂದೊಂದು ಆಟದ ಸಾಮಾನಿಗೂ ಸೆಲ್ ಹಾಕಿ ಎಲ್ಲಾನೂ ಒಮ್ಮೆಲೇ ಚಾಲೂ ಮಾಡಿದ್ರು. ಕಪ್ಪಿ ಹಾಡಿತು, ಫೋನು ಹಲೋ ಅಂತು, ಮಂಗ್ಯಾ ತಾಳ ಬಾರಿಸಿತು. ಒಂದು ಬೋರ್ಡ್ ಇತ್ತು, ಚಿತ್ರ ಒತ್ತಿದ್ರ ಹೆಸರು ಹೇಳೋದು. ಜಿರಾಫಿ ಹೆಸರು ಹೇಳ್ತಿತ್ತು, ಪೆಂಗ್ವಿನ್ ಹೆಸರು ಹೇಳ್ತಿತ್ತು, ನಮ್ಮ ಮಂದಿ ಮುಂಜಾನಿ ಎದ್ದು ನೋಡೋ ತೊಗರಿ, ಜ್ವಾಳ, ಎಮ್ಮಿ ಅದಕ್ಕ ಗೊತ್ತೇ ಇರ್ಲಿಲ್ಲ. ಇದ್ಯಾಕೋ ಬ್ಯಾಡ ಅನ್ನಿಸಿ ಕಟ್ಟಿಗಿ ತುಂಡೇ ಕಟ್ಟಸೋಣ ಅಂತಿದ್ದೆ. ಅವತ್ತು ನನ್ನ ಜೋಡಿ ತಮ್ಮನ ಹೆಂಡತಿ ಬಂದಿದ್ದಳು. ನನ್ನ ಸೆರಗು ಮೆಲ್ಲಕ ಜಗ್ಗಿದಳು.

“ಅಕ್ಕ, ಮಾತಾಡೋದೇ ತಗೋರಿ. ಅದರ ಮಾತು ಕೇಳಿ ನಮ್ಮಾಕೀನೂ ಒಂದು ಮಾತು ಆಡ್ತಾಳೇನೋ.”

ತಮ್ಮನ ಮಗಳಿಗಿ ಆಗ ಮೂರು ತುಂಬಿತ್ತು. ಒಂದು ಮಾತೂ ಬರ್ತಿರ್ಲಿಲ್ಲ. ಅವ್ವ ಅನ್ನೋದಿಲ್ಲ, ಅಪ್ಪ ಅನ್ನೋದಿಲ್ಲ, ನೀರು ಅನ್ನೋದಿಲ್ಲ. ಬೇಕಾದ್ದಕ್ಕ ಕೈ ಹಿಡಿದು ಜಗ್ಗಿ ಒಯ್ದು ತೋರಸ್ತಿದ್ದಳು. ಚಂದ ನಗ್ತಿದ್ದಳು, ಕಣ್ಣು ಅಂದ್ರ ಚೂಟಿ. ನಮ್ಮ ಅವ್ವ ಇದಕ್ಕ ಒಂದಿಷ್ಟೂ ತಲಿ ಕೆಡಿಸ್ಕೊಂಡಿರ್ಲಿಲ್ಲ. ನಮ್ಮ ಮನ್ಯಾಗ ಮಾತು ತಡಾನೇ, ನಿನ್ನ ತಮ್ಮ ನಾಕು ತುಂಬಿದ ಮ್ಯಾಲ ಬಾಯಿ ಬಿಟ್ಟ, ಈಗ ಮುಚ್ಚಂದ್ರೂ ಮುಚ್ಚಂಗಿಲ್ಲ ಅಂತಿದ್ದಳು. ನಾಲಗಿ ತಿರುಗಲಿ ಅಂತ ದಿನಾ ಮುಂಜಾನಿ ಬಜಿ ಬೇರು ಜೇನಿನ್ಯಾಗ ತೇದು ಕೂಸಿನ ನಾಲಗಿಗಿ ಹಚ್ಚೋದು. ಅದು ಮುಖ ಕಿವಿಚಿ ಉಗುಳೋದು. ಸೊಸಿ ಏನೂ ಅನ್ನಂಗಿರ್ಲಿಲ್ಲ, ನಾ ಏನರೆ ಅಂದ್ರ, ಹಡೆದಾಕಿ ಅಲ್ಲ, ನಿನಗೇನು ತಿಳೀತದ ಅನ್ನೋ ಮಾತು ತಯಾರಿತ್ತು. ತಾಯಿ ಮುಖ ನೋಡಿ ಬೋರ್ಡೇ ತಗೊಂಡೆ, ಎಲ್ಲಾ ಸಣ್ಣ ಮಕ್ಕಳಿಗೂ ಅದನ್ನೇ.

ಇಲ್ಲಿ ನಮ್ಮ ಓಣಿ ಸಂಗತಿ ಹೇಳಬೇಕು. ಮನಿ ಹಿಂದ ನೆಲಕ್ಕ ಹಾಸೋ ಫರ್ಸಿ ಕಲ್ಲು ಕೊಯ್ಯೋ, ಪಾಲಿಶ್ ಮಾಡೋ ಮಷಿನ್ ಅವ. ನನ್ನ ತಮ್ಮ ಅಲ್ಲೇ ಕೆಲಸಕ್ಕಿದ್ದಾನ. ಮನಿ ಮುಂದ ರೈಲು ಹಳಿ. ಕಲ್ಲು ಕೊಯ್ಯಾಕ ಸುರು ಮಾಡಿದ್ರ ಎದುರಿಗಿ ಕುಂತವರ ಮಾತು ಕೇಳಂಗಿಲ್ಲ, ಕಿವಿಯಾಗ ಬಾಯಿ ಇಟ್ಟು ಒದರಬೇಕು. ಅದಕ್ಕ ಈ ಓಣ್ಯಾಗ ಒಂದು ಪದ್ಧತಿ ಅದ. ಬಾಣಂತಿ ತವರಿನಿಂದ ಬಂದ ಕೂಡ್ಲೇ ತೊಟ್ಟಿಲ ಒಯ್ದು ಮಷಿನ್ ಕಡಿ ಗ್ವಾಡಿಗಿ ಕಟ್ತಾರ. ಸಪ್ಪಳಕ್ಕ ಪಳಗಲಿ ಅಂತ. ಮೊದಲ ಮೊದಲ ಕೂಸು ಬೆಚ್ಚಿ ಬಿದ್ದು ಚೀರ್ತದ, ಒಂದೆರಡು ತಿಂಗಳಿಗಿ ಪಳಗ್ತದ. ನಮ್ಮ ಕೂಸು ಮೊದಲನೇ ದಿನಾನೇ ಪಳಗಿಬಿಟ್ಟಿತ್ತು. ಮಷಿನ್ ಚಾಲೂ ಆದ್ರ ಅಲುಗಲಿಲ್ಲ, ಗೂಡ್ಸ್ ಗಾಡಿ ಕೂಗಿಕೊಂಡು ಹೋದ್ರ ಕಣ್ಣು ತೆಗೀಲಿಲ್ಲ. ಓಣಿ ಹೆಂಗಸರು ಬಂದು ಬಂದು ನೋಡಿದ್ರು. ಇದು ಗಟ್ಟಿ ಕೂಸು, ಹುಟ್ಟಾನೇ ಶಹಾಬಾದಿನಾಕಿ ಅಂದ್ರು. ಅವ್ವ ಅದನ್ನ ಚಿತ್ತಾಪುರದ ಬೀಗರ ಮುಂದ, ಸೇಡಮಿನ ಚಿಗವ್ವನ ಮುಂದ, ಚರ್ಚಿನ್ಯಾಗ ಎಲ್ಲಾರ ಮುಂದ ಹೇಳಿಕೊಂಡು ಮೆರೆದಳು. ಬ್ಯಾರೆ ಯಾವ ಊರಾಗ ಆಗಿದ್ರೂ ಆ ಕೂಸು ಬೆಚ್ಚಲ್ಲ ಅಂತ ತಾಯಿ ಎದಿ ಧಸಕ್ ಅಂತಿತ್ತು. ನಮ್ಮಲ್ಲಿ ಅದಕ್ಕ ದೃಷ್ಟಿ ಬೊಟ್ಟು ಇಟ್ಟರು.

ಮತ್ತ ಅಕಿಗಿ ಕೇಳಸ್ತದ ಅನ್ನಾಕ ಅವರ ಹತ್ರ ಒಂದು ಸಾಕ್ಷಿನೂ ಇತ್ತು. ರೈಲು ಗಾಡಿ ಬರೋದು ನಮಗ ಗೊತ್ತಾಗೋ ಮೊದಲೇ ಅಕಿ ಎದ್ದು ಬಾಗಲಿಗಿ ಓಡ್ತಿದ್ದಳು. ನಿಂತು ರೈಲಿನ ಡಬ್ಬಿ ನೋಡ್ತಿದ್ದಳು. ಅದನ್ನ ನೋಡಿ ನಾನೂ ನಂಬಿದ್ದೆ.

ಕ್ರಿಸ್‌ಮಸ್ ಆರಾಧನಿ ಮುಗಿದ ಮ್ಯಾಲ ಮಕ್ಕಳಿಗಿ ಬೋರ್ಡ್ ಹಂಚಿದ್ವಿ. ಚರ್ಚ್ ತುಂಬ ಆ್ಯಪಲ್, ಬಾಲ್, ಕ್ಯಾಟ್. ಪಾಸ್ಟರ್ ಅಯ್ಯನವರ ಆಶೀರ್ವಾದ ಆ ಗದ್ದಲದಾಗ ಯಾರಿಗೂ ಕೇಳಲಿಲ್ಲ. ಮಧ್ಯಾಹ್ನ ಮನ್ಯಾಗ ಊಟ. ಬಗಾರ ಅನ್ನ, ಖಂಡದ ಸಾರು. ಚಿತ್ತಾಪುರದಿಂದ ಬೀಗರು ಬಂದಿದ್ರು. ಕೂಸನ್ನ ಮಂಚದ ಮ್ಯಾಲ ಕೌದಿ ಹಾಸಿ ಕುಂದರಿಸಿದ್ರು. ನಾ ಬಾಗಲದಾಗ ಕುಂತು ಉಳ್ಳಾಗಡ್ಡಿ ಹೆಚ್ಚಾಕತ್ತಿದ್ದೆ, ಕಣ್ಣು ಅಕಿ ಮ್ಯಾಲೇ ಇತ್ತು. ಬೋರ್ಡಿನ ಹಿಂದ ಸಪ್ಪಳ ಬರೋ ಜಾಗ ಇರ್ತದಲ್ಲ, ಅದನ್ನ ಗಲ್ಲಕ್ಕ ಒತ್ತಿ ಹಿಡಿದಿದ್ದಳು. ಕಿವಿಗಲ್ಲ, ಗಲ್ಲಕ್ಕ. ಒಂದು ಚಿತ್ರ ಒತ್ತೋದು, ಕಣ್ಣು ಮುಚ್ಚೋದು. ಮತ್ತ ತುಟಿಗಿ ಹಚ್ಚೋದು, ಒತ್ತೋದು, ನಗೋದು.

ಅಷ್ಟರಾಗ ಗೂಡ್ಸ್ ಗಾಡಿ ಬಂತು. ಮನಿ ಮುಂದ ಬಂದು ಕೂಗಿದ ಕೂಗಿಗಿ ಬೀಗರ ಮೊಮ್ಮಗ ಕಿವಿ ಮುಚ್ಚಿಕೊಂಡ. ನಮ್ಮಾಕಿ ತಲಿ ಎತ್ತಲಿಲ್ಲ. ನನ್ನ ಕೈ ನಿಂತಿತು. ಇಳಿಗಿ ಮಣಿ ಬದಿಗಿಟ್ಟು ಎದ್ದೆ. ಅಕಿನ್ನ ಎತ್ತಿ ಕೆಳಗ ಬರೇ ಫರ್ಸಿ ಮ್ಯಾಲ ಕುಂದರಿಸಿದೆ. ಮುಂದಿನ ಗಾಡಿ ಬರೋತನಕ ಕಾದೆ. ಅದು ಇನ್ನೂ ದೂರ ಇದ್ದಾಗಲೇ ಅಕಿ ಅಂಗೈ ನೆಲಕ್ಕ ಊರಿದಳು, ಎದ್ದಳು, ಬಾಗಲಿಗಿ ಓಡಿದಳು. ನೆಲ ನಡುಗೋದು ಅಕಿ ಅಂಗಾಲಿಗಿ ತಿಳೀತಿತ್ತು. ನಾ ತಾಟು ತಗೊಂಡು ಅಕಿ ಬೆನ್ನ ಹಿಂದ ನಿಂತು ಸೌಟಿನಿಂದ ಬಡಿದೆ. ಒಳಗಿದ್ದವರೆಲ್ಲಾ ಏನಾಯ್ತು ಅಂತ ಹೊರಗ ಬಂದ್ರು. ಅಕಿ ಗಾಡಿ ನೋಡ್ಕೋತ ನಿಂತಿದ್ದಳು.

“ಕೂಸಿಗಿ ಕಿವಿ ಕೇಳಸಂಗಿಲ್ಲ,” ಅಂದೆ.

ಇದ್ದದ್ದು ಇದ್ದಂಗ ಹೇಳಿದ್ರ ಎದ್ದು ಬಂದು ಎದಿಗಿ ಒದ್ದರಂತ. ಅವ್ವ ಬೀಗರ ಮುಂದೇ ನನ್ನ ಜಾಡಿಸಿದಳು. ಹಬ್ಬದ ದಿನ ಬಾಯಾಗ ಎಂಥ ಮಾತು, ಹೊತ್ತಾಕಿ ಅಲ್ಲ ಹಡೆದಾಕಿ ಅಲ್ಲ, ತಮ್ಮನ ಮನಿ ದೀಪಕ್ಕ ಗಾಳಿ ಊದಾಕ ಬಂದೀ ಅಂದಳು. ನಾ ಬಾಯಿ ಮುಚ್ಚಲಿಲ್ಲ. ಮಂಚದ ಮ್ಯಾಲ ಕುಂದರಿಸಿ ನೋಡ್ರಿ, ನೆಲದ ಮ್ಯಾಲ ಕುಂದರಿಸಿ ನೋಡ್ರಿ, ನಾಳಿನೇ ಕಲಬುರಗಿಗಿ ಒಯ್ಯೋಣ ಅಂದೆ. ತಮ್ಮ ನನ್ನ ಹಿತ್ತಲಕ್ಕ ಕರಕೊಂಡು ಹೋದ. ಅಕ್ಕ, ಓಣಿ ತುಂಬ ಗೊತ್ತಾದ್ರ ನಾಳಿ ಇಕಿನ್ನ ಯಾರು ಮಾಡ್ಕೋತಾರ ಅಂದ. ಮೂರು ವರ್ಷದ ಕೂಸಿನ ಮದುವಿ ಚಿಂತಿ ಅವನಿಗಿ. ಮತ್ತ ಅವನೇ, ನನಗ ನಾಕು ತುಂಬಿದ ಮ್ಯಾಲ ಮಾತು ಬಂದಿಲ್ಲೇನು, ಅಕಿಗೂ ನಾಕು ತುಂಬಲಿ, ಆಮ್ಯಾಲ ನೋಡೋಣ ಅಂದ. ಅವನ ಹೆಂಡತಿ ಒಲಿ ಮುಂದ ನಮ್ಮ ಕಡಿ ಬೆನ್ನು ಮಾಡಿ ಕುಂತಿದ್ದಳು.

ನಾಕು ತುಂಬೋ ತನಕ ಕಾದ್ರು. ನಾ ಶನಿವಾರ ಶನಿವಾರ ಹೋಗಿ ಜಗಳಾ ಮಾಡಿದೆ. ಒಂದು ಸಲ ಕೂಸನ್ನ ಎತ್ತಿಕೊಂಡು ಬಸ್‌ಸ್ಟ್ಯಾಂಡಿನ ತನಕ ಹೋಗಿದ್ದೆ, ತಮ್ಮ ಮೋಟರ್ ಸೈಕಲ್ ಮ್ಯಾಲ ಬಂದು ಇಳಿಸ್ಕೊಂಡು ಹೋದ. ಆಮ್ಯಾಲ ಅವ್ವ ನನಗ ಫೋನ್ ಮಾಡೋದು ಬಿಟ್ಟಳು. ಅತ್ತ ಮನ್ಯಾಗ ದಿನಾ ಸಂಜಿಗಿ ಕೂಸನ್ನ ಮುಂದ ಕುಂದರಿಸ್ಕೊಂಡು ಆ ಬೋರ್ಡ್ ಒತ್ತೋದು, ಆ್ಯಪಲ್ ಅನ್ನು, ಆ್ಯಪಲ್ ಅನ್ನು. ಅನ್ನಲಿಲ್ಲ ಅಂದ್ರ ಹಟಮಾರಿ ಅಂತ ಗದರೋದು. ಇದನ್ನ ಕೇಳಿ ನಾ ವಾಡಿಯಾಗ ಖೋಲಿ ಬಾಗಲ ಹಾಕ್ಕೊಂಡು ಅತ್ತೆ. ದಿನಾ ಪರರ ಮಕ್ಕಳಿಗಿ ಕ ಕಾ ಕಿ ಕೀ ಕಲಿಸೋ ನನಗ, ನನ್ನ ರಕ್ತದ ಕೂಸಿಗಿ ಒಂದು ಸಪ್ಪಳ ಮುಟ್ಟಿಸೋ ಹಕ್ಕಿರ್ಲಿಲ್ಲ.

ಕಡೀಕ ಇಂಗ್ಲಿಷ್ ಸಾಲಿಗಿ ಹೆಸರು ಹಚ್ಚಾಕ ಹೋದಾಗ ಅಲ್ಲಿಯವರು ಕೂಸನ್ನ ಕರೆದು ಕರೆದು ನೋಡಿ, ಮೊದಲ ಕಿವಿ ತೋರಿಸ್ಕೊಂಡು ಬರ್ರಿ ಅಂದ್ರು. ಹೊರಗಿನವರು ಅಂದ ಮ್ಯಾಲ ಖರೆ ಆಯ್ತು. ಕಲಬುರಗಿ ದವಾಖಾನಿಗಿ ನಾನೂ ಹೋಗಿದ್ದೆ, ಕರೀದಿದ್ರೂ ಹೋಗಿದ್ದೆ. ಡಾಕ್ಟರಮ್ಮ ಎಲ್ಲಾ ತಪಾಸ್ ಮಾಡಿ, ಹುಟ್ಟಿನಿಂದಲೇ ಕೇಳಿಸಿಲ್ಲ ಅಂದ್ರು. ಕಿವಿಗಿ ಮಷಿನ್ ಹಾಕ್ತೀವಿ, ಸಪ್ಪಳ ಕೇಳಸ್ತದ, ಆದ್ರ ಮಾತು ಕಲಿಯೋ ಎಳೀ ವಯಸ್ಸು ದಾಟಲಿಕತ್ತದ, ಇನ್ನ ಒಂದೊಂದು ಮಾತಿಗೂ ಭಾಳ ದುಡಿಬೇಕು, ಯಾಕ ಇಷ್ಟು ತಡಾ ಮಾಡಿದ್ರಿ ಅಂತ ಕೇಳಿದ್ರು. ತಮ್ಮ, ಗೊತ್ತಾಗಲಿಲ್ರಿ ಅಂದ. ಬಾಜೂ ಕುರ್ಚಿಯಾಗ ನಾ ಕುಂತಿದ್ದೆ. ನನ್ನ ಕಡಿ ನೋಡಲಿಲ್ಲ.

ಅಷ್ಟಕ್ಕೇ ಮುಗಿದಿದ್ರ ನುಂಗ್ತಿದ್ದೆ. ಕಿವಿಗಿ ಮಷಿನ್ ಬಂದ ಮ್ಯಾಲ ಓಣ್ಯಾಗ ಮುಚ್ಚಿಡಾಕ ಆಗಲಿಲ್ಲ. ಕೇಳಿದವರಿಗಿ ಅವ್ವ ಒಂದು ಕತಿ ಹೇಳಾಕ ಸುರು ಮಾಡಿದಳು. ಕೂಸು ಚಂದ ಕೇಳಸ್ಕೋತಿತ್ತು, ಕ್ರಿಸ್‌ಮಸ್ಸಿಗಿ ಅದರ ಸೋದರತ್ತಿ ಆ ಒದರೋ ಬೋರ್ಡ್ ತಂದು ಕೊಟ್ಟಳು, ಅದನ್ನ ಹಗಲೆಲ್ಲಾ ಕಿವಿಗಿ ಹಿಡ್ಕೊಂಡು ಹಿಡ್ಕೊಂಡು ಕಿವಿ ಹೋದವು. ಮೊದಲ ಕೇಳಿದಾಗ ನನಗ ನಗುನೇ ಬಂತು. ಆಮ್ಯಾಲ ಸಂಡೇ ಸ್ಕೂಲಿನ ತಾಯಂದಿರು ಬೋರ್ಡ್ ತಂದು ನನ್ನ ಮೇಜಿನ ಮ್ಯಾಲ ಇಟ್ಟು ಹೋಗಾಕತ್ತಿದ್ರು. ಮೆತ್ತಗ ಇಟ್ಟು, ಮುಖ ನೋಡದಂಗ.

ಅವ್ವನ ಮನಿಗಿ ಹೋದೆ. ಇವತ್ತು ಚರ್ಚಿನ್ಯಾಗ ಎದ್ದು ನಿಂತು ಎಲ್ಲಾ ಹೇಳ್ತೀನಿ, ಡಾಕ್ಟರ ಚೀಟಿ ಓದ್ತೀನಿ ಅಂದೆ. ಅವ್ವ ಒಳಗ ಎದ್ದು ಹೋದಳು. ತಮ್ಮನ ಹೆಂಡತಿ ಬಾಗಲಕ್ಕ ಅಡ್ಡ ಬಂದಳು. ಅಕಿಗಿ ಮತ್ತ ದಿನ ತುಂಬಾಕತ್ತಿದ್ದವು.

“ಹಂಗೇ ಇರ್ಲಿ ಬಿಡ್ರಿ ಅಕ್ಕ,” ಅಂದಳು. “ಹುಟ್ಟಿನಿಂದ ಅಂದ್ರ ನನ್ನ ಹೊಟ್ಟಿ ಮ್ಯಾಲ ಬರ್ತದ. ಹೊಟ್ಟ್ಯಾಗಿನ ಇದಕ್ಕೂ ಕುಂದು ಹಚ್ತಾರ. ಬೋರ್ಡಿನ ಮ್ಯಾಲ ಇದ್ರ ಬೋರ್ಡಿನ ಮ್ಯಾಲೇ ಇರ್ಲಿ.”

ಬೋರ್ಡಿನ ಮ್ಯಾಲ ಅಂದ್ರ ನನ್ನ ಮ್ಯಾಲ. ಅದು ಅಕಿಗೂ ಗೊತ್ತಿತ್ತು, ಕಣ್ಣೀರು ಹಾಕ್ಕೋತಾನೇ ಅಂದಳು. ಎಲ್ಲಾರ ಮ್ಯಾಲೂ ಸಿಟ್ಟು ಇಟ್ಟುಕೊಂಡಿರೋ ನನಗ ಅಕಿ ಮ್ಯಾಲ ಸಿಟ್ಟು ಮಾಡಾಕ ಆಗಲಿಲ್ಲ. ಡಾಕ್ಟರ ಚೀಟಿ ಮಡಚಿ ಚೀಲದಾಗ ಇಟ್ಟೆ.

ಈ ವರ್ಷ ಡಿಸೆಂಬರ್ ಹತ್ರ ಬಂದಾಗ ಚರ್ಚಿನ ಹಿರಿಯರೊಬ್ಬರು ಫೋನ್ ಮಾಡಿದ್ರು. ಭಾಳ ಮರ್ಯಾದಿ ಮನುಷ್ಯಾ, ಮಾತು ಹುಡುಕಿ ಹುಡುಕಿ ಆಡಿದ್ರು. ಮಕ್ಕಳ ಕಾಣಿಕಿ ಈ ಸಲ ಬ್ಯಾರೆಯವರು ಆರಸ್ತಾರ, ಬ್ಯಾಸರ ಮಾಡ್ಕೋಬ್ಯಾಡ್ರಿ ಟೀಚರ್ರೇ, ಮಕ್ಕಳ ಕಿವಿ ವಿಷಯ ನೋಡ್ರಿ ಅಂದ್ರು.

ಹೌದ್ರಿ, ಮಕ್ಕಳ ಕಿವಿ ಜ್ವಾಕಿ ಮಾಡಬೇಕು ಅಂದೆ.