ಕಾತ್ರಜದ ಮನೆಯ ಹಿತ್ತಿಲು

ಫಿನಾಯಿಲಿನ ವಾಸನೆ ಮೂಗಿಗೆ ಬಡಿದರೆ ಸಾಕು, ಪುಣೆಯ ಅಂಚಿನ ಕಾತ್ರಜದ ನಮ್ಮ ಬಾಡಿಗೆ ಮನೆಯ ಹಿತ್ತಿಲು ಕಣ್ಣ ಮುಂದೆ ಬರುತ್ತದೆ. ಒದ್ದೆ ಹಾಸುಗಲ್ಲು, ದಾಸವಾಳದ ಗಿಡ, ತಗಡಿನ ಬಾಗಿಲಿನ ಪಾಯಖಾನೆ, ಪಕ್ಕದಲ್ಲಿ ನೀರು ತುಂಬಿದ ಪೀಪಾಯಿ. ಧಾರವಾಡದ ಕಡೆ ಹೋಗುವ ಬಸ್ಸು ಮಧ್ಯಾಹ್ನ ನಮ್ಮ ಮನೆಯೆದುರು ಹತ್ತು ನಿಮಿಷ ನಿಲ್ಲುತ್ತಿತ್ತು. ಗಂಡಸರು ಗುಡ್ಡದ ಮರೆಗೆ ನಡೆದುಬಿಡುತ್ತಿದ್ದರು. ಹೆಂಗಸರು ನಮ್ಮ ಗೇಟಿನವರೆಗೆ ಬಂದು, ಕೇಳಲಾಗದೆ, ಸೆರಗು ಸರಿಮಾಡಿಕೊಳ್ಳುತ್ತ ನಿಲ್ಲುತ್ತಿದ್ದರು. ಅವ್ವ ಹೊಲಿಗೆ ಮಷೀನು ಬಿಟ್ಟೆದ್ದು, ಅವರು ಬಾಯಿ ತೆರೆಯುವ ಮೊದಲೇ, “ಬರ್ರಿ, ಕೈಕಾಲು ತೊಳ್ಕೊಬರ್ರಿ” ಎಂದು ಹಿತ್ತಿಲಿಗೆ ಕರೆದೊಯ್ಯುತ್ತಿದ್ದಳು. ಪಾಯಖಾನೆ ಎಂಬ ಮಾತನ್ನು ತಾನೂ ಆಡುತ್ತಿರಲಿಲ್ಲ, ಅವರಿಂದಲೂ ಆಡಿಸುತ್ತಿರಲಿಲ್ಲ.

ಅವರೆಲ್ಲ ಹೋದ ಮೇಲೆ ತೊಳೆಯುವುದು, ನೀರು ತುಂಬುವುದು ನನ್ನ ಪಾಲಿನ ಕೆಲಸ. ಹನ್ನೆರಡು ವರ್ಷದ ನನಗೆ ಅದೆಷ್ಟು ಸಿಟ್ಟು! ಒಂದು ದಿನ ತುಂಬು ಬಸುರಿಯೊಬ್ಬಳು ಒಳಗಿದ್ದಾಗಲೇ ಡ್ರೈವರ್ ಹಾರ್ನ್ ಹೊಡೆಯತೊಡಗಿದ. ಅವ್ವ ಓಡಿಹೋಗಿ ಬಸ್ಸಿನ ಮುಂದೆ ಕೈ ಅಡ್ಡ ಹಿಡಿದು ನಿಂತಳು. “ಬಸುರಿ ಹೆಣ್ಮಗಳು ಒಳಗ ಅದಾಳ್ರಿ, ಒಂದೈದು ಮಿನಿಟು ತಡೀರಿ!” ಡ್ರೈವರ್ ಗೊಣಗುತ್ತಲೇ ಎಂಜಿನ್ ಆರಿಸಿದ. ಓಣಿಯೆಲ್ಲ ನೋಡುತ್ತಿತ್ತು, ನನಗೆ ಅವ್ವನ ಬಗ್ಗೆ ನಾಚಿಕೆಯಾಯಿತು. “ಆಕಿ ಯಾರಂತ ನಿನಗ ಗೊತ್ತದೇನು?” ಎಂದು ಆಮೇಲೆ ಜಗಳ ತೆಗೆದೆ. “ಇಲ್ಲವ್ವ,” ಅಂದಳು ಅವ್ವ, “ನೀ ಒಂದು ಕೊಡ ನೀರು ತಾ.”

ಆ ಮನೆ ರಸ್ತೆ ಅಗಲ ಮಾಡುವಾಗ ಹೋಯಿತು. ಅವ್ವನೂ ಹೋದಳು. ನಾನೀಗ ಇದೇ ಪುಣೆಯಲ್ಲಿ, ಒಂಬತ್ತನೇ ಮಹಡಿಯಲ್ಲಿ, ಎರಡು ಬಾತ್‌ರೂಮುಗಳ ಫ್ಲ್ಯಾಟಿನಲ್ಲಿದ್ದೇನೆ. ಕಳೆದ ಮೇ ತಿಂಗಳ ಉರಿಬಿಸಿಲಲ್ಲಿ ಪಾರ್ಸೆಲ್ ತಂದ ಹುಡುಗಿ, ಹೆಲ್ಮೆಟ್ಟು ಕೈಯಲ್ಲಿ ಹಿಡಿದು, ಹೋಗದೆ ನಿಂತಳು. ನನಗೆ ತಿಳಿಯಿತು. ತಿಳಿದೂ ಅವಳ ಬಾಯಿಂದಲೇ ಬರಲೆಂದು ಸುಮ್ಮನಿದ್ದೆ. “ಅಕ್ಕಾ, ಬೆಳಗಿನಿಂದ ಎಲ್ಲೂ ಸಿಕ್ಕಿಲ್ಲ, ಬಾತ್‌ರೂಮಿಗೆ ಹೋಗಬಹುದಾ?” ಎಂದು ಮರಾಠಿಯಲ್ಲಿ ಕೇಳಿದಳು. “ಕೆಳಗೆ ವಾಚ್‌ಮನ್‌ನ ಕೇಳು” ಎಂದು ಬಾಗಿಲು ಹಾಕಿಕೊಂಡೆ.

ಹೆದರಿಕೆಯಾಯಿತು ಎಂದು ಗಂಡನಿಗೆ ಹೇಳಿದೆ. ಅದು ಸುಳ್ಳು. ಅವಳು ಕೂತಲ್ಲಿ ನಾನು ಕೂರಬೇಕಲ್ಲ ಎಂಬ ಹೇಸಿಗೆ, ಅಷ್ಟೇ. ಹತ್ತು ನಿಮಿಷದಲ್ಲಿ ಮನಸ್ಸು ತಡೆಯದೆ ಕೆಳಗಿಳಿದು ಹೋದೆ. ಅಲ್ಲಿನ ಪಾಯಖಾನೆಗೆ ಬೀಗ ಬಿದ್ದು ತಿಂಗಳುಗಳಾಗಿದ್ದವು. ಹುಡುಗಿ ಹೊರಟುಹೋಗಿದ್ದಳು.

ಮುಂದಿನ ವಾರ ಅವಳೇ ಬಂದಳು. ಬಾಗಿಲು ಪೂರ್ತಿ ತೆರೆದು, “ಒಳಗೆ ಬಾ, ಕೈಕಾಲು ತೊಳೆದುಕೋ” ಎಂದೆ. ಅವ್ವನ ಮಾತು ನನ್ನ ಬಾಯಲ್ಲಿ ಪಾಠ ಒಪ್ಪಿಸಿದಂತೆ ಕೇಳಿಸಿತು. “ಬೇಡ ಮೇಡಂ,” ಎಂದಳು ಹುಡುಗಿ, ನನ್ನ ಮುಖ ನೋಡದೆ. ಅಕ್ಕ ಎನ್ನಲಿಲ್ಲ. ಈಗ ಅವಳು ಪಾರ್ಸೆಲ್ಲನ್ನು ಹೊಸ್ತಿಲಾಚೆ ಇಟ್ಟು, ಬೆಲ್ ಒತ್ತಿ ನಡೆದುಬಿಡುತ್ತಾಳೆ. ನಾನು ಓಡಿಬಂದು ತೆರೆಯುವಷ್ಟರಲ್ಲಿ ಲಿಫ್ಟಿನ ಬಾಗಿಲು ಮುಚ್ಚುತ್ತಿರುತ್ತದೆ.